ಕೈಗೆ ಹಗುರವಾದದ್ದು

ಬಂದೂಕಿನಂಗಡಿಯ ಡೆಲ್ಬರ್ಟ್ ಗಾಜಿನ ಮೇಜಿನ ಮೇಲಿಟ್ಟ ಹಳೆಯ ರಿವಾಲ್ವರನ್ನು ಎತ್ತಿಕೊಂಡ ಆರ್ಡಿತ್‌ಗೆ, ಅದು ಅಷ್ಟು ಹಗುರವಾಗಿರುವುದು ಕಂಡು ಗಾಬರಿಯೇ ಆಯಿತು. "ಇಷ್ಟೇನಾ?" ಎಂದಳು.

"ಇಷ್ಟೇ ಅಕ್ಕಾ. ಇದನ್ನ ಮಾರಿದ ಮುದುಕಿ ಚರ್ಚಿಗೂ ಒಯ್ತಿದ್ದಳಂತೆ. ಕೈಚೀಲದಲ್ಲಿ ಹಾಕ್ಕೊಂಡ್ರೆ ಇದೆ ಅನ್ನೋದೇ ಮರ್ತುಹೋಗುತ್ತೆ. ಟ್ರಿಗರ್ ಮಾತ್ರ ಸ್ವಲ್ಪ ಬಿಗಿ. ಗುಂಡಿಲ್ಲ, ಎಳೆದು ನೋಡಿ."

ಅವಳು ಗೋಡೆಯ ಮೇಲಿನ ಜಿಂಕೆಯ ತಲೆಗೆ ಗುರಿಯಿಟ್ಟು ಎಳೆದಳು. ಕಣ್ಣು ಮುಚ್ಚಿಕೊಂಡು ಮತ್ತೆ ಎಳೆದರೂ ಟ್ರಿಗರ್ ಅಲುಗಲಿಲ್ಲ. ಡೆಲ್ಬರ್ಟ್ ನಕ್ಕುಬಿಟ್ಟ. "ಆ ಪಾಪದ್ದು ಸತ್ತು ಯಾವ ಕಾಲ ಆಯ್ತೋ, ಅದಕ್ಕೆ ಯಾಕೆ ಇಷ್ಟು ಹೆದರ್ತೀರಿ? ನಿಮ್ಮ ಟ್ರೆವರ್ ಮನೆಗೆ ವಾಪಸ್ ಬಂದಿದಾನಲ್ಲ, ಅವನ ಹತ್ರ ಕಲೀರಿ. ಅಲ್ಲಾ, ಅಂಥಾ ಆಳೆತ್ತರದ ಮಗ ಮನೇಲಿರುವಾಗ ನಿಮಗ್ಯಾರ ಭಯ?"

ಆರ್ಡಿತ್ ರಿವಾಲ್ವರನ್ನು ಕೆಳಗಿಟ್ಟಳು. ಅಂಗಿಯ ತೋಳು ಮೇಲೆ ಸರಿದು, ಮಣಿಕಟ್ಟಿನ ಸುತ್ತ ಬೆರಳುಗಳು ಒತ್ತಿದ ಕಪ್ಪು ಗುರುತು ಕಾಣಿಸಿತು. ಮುಚ್ಚಿಕೊಳ್ಳಲು ಹೋದವಳು ಹಾಗೇ ಬಿಟ್ಟಳು. ಡೆಲ್ಬರ್ಟನ ನಗು ನಿಂತಿತು. ಹುಡುಗನಾಗಿದ್ದ ಟ್ರೆವರ್‌ಗೆ ಮೊದಲ ಬಂದೂಕು ಹಿಡಿಸಿ, ಬೇಟೆಗೆ ಕರೆದೊಯ್ದವನು ಅವನೇ.

"ಅಕ್ಕಾ," ಎಂದು ದನಿ ತಗ್ಗಿಸಿದ, "ಅವನ ಮೇಲೆ ಹಾರಿಸ್ತೀರಾ?"

"ಇಲ್ಲಪ್ಪ, ನನ್ನ ಕೈಲಿ ಆಗುತ್ತಾ? ಅದು ಅವನಿಗೂ ಗೊತ್ತು," ಎಂದಳು ಆರ್ಡಿತ್. "ಆದ್ರೂ ಕೊಡು."