ಕಿಟಕಿಯ ಲೋಟ

ಬಾಯಿಗೆ ಹಾಕಿಕೊಂಡ ನೀರು ಬೇವಿನಷ್ಟು ಕಹಿಯಾಗುತ್ತಲೇ ಶಕುಂತಲಮ್ಮ ಅದನ್ನು ಸಿಂಕಿಗೆ ಉಗುಳಿ, ಚೊಂಬು ಹಿಡಿದೇ ಚಿನ್ವೆಯತ್ತ ತಿರುಗಿದರು. ದಾವಣಗೆರೆಗೆ ಓದಲು ಬಂದು ಅವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಈ ನೈಜೀರಿಯಾದ ಹುಡುಗಿ, ತನ್ನ ಊರಿನ ಬಳ್ಳಿಯ ಬೀಜಗಳನ್ನು ಬೇಯಿಸಿ ತಂದು ಈಗಷ್ಟೇ ಅವರಿಗೆ ತಿನ್ನಿಸಿದ್ದಳು.

“ಏನ್ ಬೆರೆಸೀಯವ್ವ ಇದ್ರಾಗ?”

“ಏನಿಲ್ಲ, ಅಮ್ಮ! ಇದನ್ನ ತಿಂದು ನೀರು ಕುಡಿದ್ರೆ ಹಂಗೇ ಕಹಿ ಆಗ್ತೈತೆ. ನಮ್ಮೂರಾಗ ಮನಿಯವರಿಗೆ ಹಿಂಗೇ ಹೇಳ್ದೇ ತಿನ್ಸಿ ನಗ್ತೀವಿ. ಬೇಕಾದ್ರೆ ನೋಡ್ರಿ.” ಚಿನ್ವೆ ಒಂದು ಬೀಜ ಅಗಿದು ನುಂಗಿ, ನಗುತ್ತಲೇ ಚೊಂಬಿಗೆ ಕೈ ಚಾಚಿದಳು.

ಶಕುಂತಲಮ್ಮನ ಕೈ ತಾನಾಗಿಯೇ ಚೊಂಬನ್ನು ಎದೆಗೆ ಎಳೆದುಕೊಂಡಿತು. ಎರಡು ವರ್ಷದಿಂದ ‘ನೀನು ನನ್ನ ಮಗಳಿದ್ದಂಗೆ’ ಅನ್ನುತ್ತಿದ್ದ ಬಾಯಿ, “ನಿನ್ ಲೋಟ ಅಲ್ಲೈತಲ್ಲ” ಎಂದಿತು.

ಅಡುಗೆಮನೆಯ ಕಿಟಕಿಯಲ್ಲಿ, ಮನೆಯ ಪಾತ್ರೆಗಳಿಂದ ದೂರ, ಆ ಸ್ಟೀಲ್ ಲೋಟ ಒಂಟಿಯಾಗಿ ಕೂತಿತ್ತು. ಹುಡುಗಿ ಬಂದಾಗೆಲ್ಲ ‘ನನ್ನ ಲೋಟ’ ಎಂದು ಹಿಗ್ಗಿ ತೆಗೆದುಕೊಳ್ಳುತ್ತಿದ್ದಳು. ಈಗ ಅದನ್ನೂ ಚೊಂಬನ್ನೂ ಬಹಳ ಹೊತ್ತು ನೋಡಿದಳು.

“ನಮ್ಮವ್ವಗ ಅದರ ಫೋಟೋ ಕಳ್ಸಿದ್ದೆ,” ಎಂದಳು. “ಈ ಮನಿಯಾಗ ನನಗಂತಾನೇ ಒಂದು ಲೋಟ ಇಟ್ಟಾರ ಅಂತ ಹೇಳಿದ್ದೆ, ಆಂಟಿ.”

ಅಲ್ಲಿಯವರೆಗೆ ಅವಳು ಅವರನ್ನು ಆಂಟಿ ಎಂದು ಕರೆದಿರಲಿಲ್ಲ.