ಅಳುವ ತುತ್ತೂರಿ

“ಇದು ನನ್ನ ರೆಕಾರ್ಡ್ ಅಲ್ರಿ!” ನಿಜಲಿಂಗಪ್ಪ ಕುರ್ಚಿಯಿಂದ ಎದ್ದೇಬಿಟ್ಟ. ಆದರೆ ದೇಸಾಯರ ಪ್ಲೇಯರಿನ ಮೇಲೆ ತಿರುಗುತ್ತಿದ್ದದ್ದು ಅವನೇ ದೂರದ ಸ್ವಾರಗೇಟಿನಿಂದ ಬಸ್ಸಿನಲ್ಲಿ ಎದೆಗವಚಿಕೊಂಡು ತಂದ ಜಾಝ್ ರೆಕಾರ್ಡು. “ತುತ್ತೂರಿ ಅಳತದ, ಒಮ್ಮೆ ಕೇಳ್ರಿ” ಎಂದು ಪ್ರತಿ ರವಿವಾರ ದೇಸಾಯರ ಮನೆಯಲ್ಲಿ ಸೇರುವ ಗೆಳೆಯರ ಬೆನ್ನು ಹತ್ತಿದ್ದ. ಈಗ ಅದು ಮದುವೆ ಬ್ಯಾಂಡಿನ ಹಾಗೆ ಕುಣಿಯುತ್ತಿತ್ತು. ಗೆಳೆಯರು ಕಿಸಕ್ಕನೆ ನಕ್ಕರು.

ದೇಸಾಯರು ಮಾತ್ರ ನಗಲಿಲ್ಲ. “ನಿಮ್ಮ ಮನಿ ಪ್ಲೇಯರಿನ ಬೆಲ್ಟ್ ಸಡ್ಲ ಅದ ಏನ್ರಿ?”

“ತಗೊಂಡಾಗಿಂದ ಹಂಗ ಅದ್ರಿ. ಸಾವಕಾಶ ತಿರಗತದ.” ಹೇಳುತ್ತಲೇ ನಿಜಲಿಂಗಪ್ಪನ ಕಿವಿ ಕೆಂಪಾದವು. ಇಷ್ಟು ವರ್ಷ ತಾನು ಮನಸೋತದ್ದು ಒಂದು ಸಡಿಲ ಬೆಲ್ಟಿಗೇ? ರೆಕಾರ್ಡನ್ನು ಎತ್ತಿಕೊಂಡು ಹೊರಡಲು ಕೈ ಚಾಚಿದ.

“ತಡೀರಿ. ನಿಮ್ಮ ಮನ್ಯಾಗ ಹ್ಯಾಂಗ ಕೇಳಸ್ತದ, ನಾವೂ ನೋಡೂಣು.” ರೆಕಾರ್ಡಿನ ಮೇಲೆ ಯಾರ ಉಸಿರು ಬಿದ್ದರೂ ಸಿಡುಕುವ ದೇಸಾಯರು, ತಿರುಗುತ್ತಿದ್ದ ಅದರ ಅಂಚಿಗೆ ಮೆಲ್ಲಗೆ ಬೆರಳು ತಾಗಿಸಿದರು. ಕುಣಿತ ಇಳಿಯಿತು. ಸ್ವರ ತಗ್ಗಿ, ತುತ್ತೂರಿ ಬಿಕ್ಕತೊಡಗಿತು. ನಗುತ್ತಿದ್ದವರು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇಷ್ಟ ಸಾವಕಾಶ ಏನ್ರಿ?”

ನಿಜಲಿಂಗಪ್ಪ ಕಣ್ಣು ಮುಚ್ಚಿಕೊಂಡ. “ಇನ್ನೊಂಚೂರು ಒತ್ರಿ, ದೇಸಾಯರ.”