ನಿಂಬೆಹಣ್ಣಿಗೆ ಸೋತ ಬಾಂಬರ್

ಪ್ಲಾಸ್ಟಿಕ್ ಅಂಟಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಪೀಣ್ಯದ ಮನೆಯ ಆಯುಧಪೂಜೆಯೇ ನೆನಪಾಗುತ್ತದೆ.

ಲೇತ್ ಕೆಲಸದ ಅಪ್ಪ, ಯುದ್ಧಕಾಲದ ಇಟಲಿಯ ಬಾಂಬರೊಂದರ ಅಂಗೈಯಗಲದ ಪ್ಲಾಸ್ಟಿಕ್ ಮಾದರಿಯನ್ನು ಉಸಿರು ಬಿಗಿಹಿಡಿದು ಅಂಟಿಸಿದ್ದರು. "ಬಾಂಬ್ ಹಾಕೋದಲ್ದೆ ಬೇಹೂ ನೋಡೋ ವಿಮಾನ ಕಣೇ ಪುಟ್ಟಿ, ಅದ್ಕೇ ಹಗುರ. ಅಸಲೀದಕ್ಕೆ ರೆಕ್ಕೆ ಮರದ್ದು," ಎಂದಿದ್ದರು.

ಸ್ಕೂಟರಿನ ಪೂಜೆ ಮುಗಿಸಿದ ಅಜ್ಜಿ ವಿಮಾನಕ್ಕೂ ಕುಂಕುಮವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. "ಚಕ್ರ ಐತಲ್ಲ, ಹತ್ತಿಸ್ಲೇಬೇಕು."

ತಾಯಿಯ ಮಾತು ಮೀರಲಾಗದೆ ಅಪ್ಪ ಮೆಲ್ಲಗೆ ಒತ್ತಿದರು. ಹಣ್ಣು ಹಾಗೇ ಇತ್ತು, ಚಕ್ರ ಮುರಿಯಿತು.

"ಆ ಕಾಲದಲ್ಲೂ ಇದರ ಅಸಲೀದನ್ನ ಕೊಂಡ ದೇಶದವರು ಸರಿಯಿಲ್ಲ ಅಂತ ವಾಪಸ್ ಕೊಟ್ಬಿಟ್ರಂತೆ," ಎಂದು ಅಪ್ಪ ಗೊಣಗಿದರು.

"ಕೊಡ್ದೆ ಇನ್ನೇನ್ ಮಾಡ್ತಾರೆ? ನಿಂಬೆಹಣ್ಣನ್ನೇ ತಡೀದೇ ಇರೋದು ಯುದ್ಧ ತಡೀತದಾ?" ಎಂದರು ಅಜ್ಜಿ.

ಮುಂದಿನ ವರ್ಷ, ಮತ್ತೆ ಅಂಟಿಸಿದ ಆ ಚಕ್ರದ ಕೆಳಗೆ ಅಜ್ಜಿ ಯಾರಿಗೂ ಹೇಳದೆ ಒಂದು ದ್ರಾಕ್ಷಿ ಇಟ್ಟಿದ್ದರು.